ಒಂದಕ್ಷರದ ಪಂಡಿತ

ವಯಸ್ಸಾಗುತ್ತಾ ಬಂದಂತೆ ಗಂಡಸರಿಗೆ ಒಂದೊಂದು ಚಟ ಅಂಟಿಕೊಳ್ಳುತ್ತದೆ. ಕೆಲವರಿಗೆ ಷೇರುಪೇಟೆ, ಕೆಲವರಿಗೆ ಕಂಡವರಿಗೆಲ್ಲ ಸಕ್ಕರೆ ಕಾಯಿಲೆಯ ಮನೆಮದ್ದು ಹೇಳುವುದು. ನನಗೆ ಅಂಟಿದ್ದು ಇಂಗ್ಲಿಷಿನ ಜೋಡಿಪದಗಳ ಚಟ. ನೋಡುವುದಕ್ಕೆ ಅಣ್ಣತಮ್ಮಂದಿರ ಹಾಗಿದ್ದು ಅರ್ಥದಲ್ಲಿ ದಾಯಾದಿಗಳಾದ ಪದಗಳನ್ನು ಹಿಡಿದು, ಇದು ಬೇರೆ, ಅದು ಬೇರೆ ಎಂದು ಪಾಲು ಮಾಡಿಕೊಡುವುದು. ಈ ಪಂಗಡಕ್ಕೆ ಮೂಲಪುರುಷ ಹೆನ್ರಿ ಫೌಲರ್. ಇಂಗ್ಲಿಷ್ ಬಳಕೆಯ ಬಗ್ಗೆ 1926ರಲ್ಲಿ ಬಂದ ಆತನ ನಿಘಂಟು ನನ್ನ ತಲೆದಿಂಬಿನ ಪಕ್ಕದಲ್ಲೇ ಇದೆ. ಖರ್ಚಿಲ್ಲದ ಚಟ ಎಂದುಕೊಂಡಿದ್ದೆ. ಸಂಸಾರಸ್ಥನಿಗೆ ಅಂಥದ್ದೊಂದು ಇರುವುದೇ ಇಲ್ಲ.

ಮೊದಲ ಪೆಟ್ಟು ಬಿದ್ದದ್ದು ಊಟಕ್ಕೆ ಕೂತಾಗ. ಅಂದು ಬಸ್ಸಾರು, ಜೊತೆಗೆ ಅದೇ ಸೊಪ್ಪಿನ ಪಲ್ಯ. "ಈ ಪಲ್ಯ ಸಾರಿಗೆ ಒಳ್ಳೇ ಕಾಂಪ್ಲಿಮೆಂಟ್ ಕಣೇ" ಎಂದೆ. ನನ್ನಾಕೆಯ ಮುಖ ಅರಳಿತು. ತುಪ್ಪದ ಮಿಳ್ಳೆ ನನ್ನ ತಟ್ಟೆಯ ಕಡೆ ಹೊರಟಿತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಪಂಡಿತ ಹೇಗಾದೇನು? "ಹೊಗಳಿದೆ ಅಂದ್ಕೋಬೇಡ ಮತ್ತೆ. ಹೊಗಳೋ ಕಾಂಪ್ಲಿಮೆಂಟಿಗೆ ನಡುವೆ 'ಐ' ಅಕ್ಷರ. ನಾನಂದಿದ್ದು 'ಇ' ಅಕ್ಷರದ್ದು. ಒಂದಕ್ಕೊಂದು ಪೂರಕ ಅಂತ, ಅಷ್ಟೆ." ಬಾಯಲ್ಲಿ ಹೇಳಿದರೆ ಎರಡರ ಸದ್ದೂ ಒಂದೇ, ವ್ಯತ್ಯಾಸ ಗೊತ್ತಾಗುವುದು ಬರೆದಾಗ ಮಾತ್ರ. ಅನ್ನ ಕಲೆಸುತ್ತಾ ಕೂತವನಿಗೆ ಸ್ಪೆಲಿಂಗಿನ ಉಸಾಬರಿ ಯಾಕೆ ಬೇಕಿತ್ತೋ! ಮಿಳ್ಳೆ ಅರ್ಧ ದಾರಿಯಿಂದಲೇ ವಾಪಸು ಹೋಯಿತು. ಲ್ಯಾಟಿನ್ನಿನಲ್ಲಿ ಪೂರ್ತಿ ತುಂಬುವುದು ಎಂಬರ್ಥದ ಒಂದೇ ಬೇರಿನಿಂದ ಎರಡೂ ಪದಗಳು ಹುಟ್ಟಿದವಂತೆ. ನನ್ನ ಹೊಟ್ಟೆಯನ್ನು ಮಾತ್ರ ಎರಡೂ ತುಂಬಿಸಲಿಲ್ಲ.

ಮನೆಯಲ್ಲಿ ಬೆಲೆಯಿಲ್ಲದಿದ್ದರೆ ಬೀದಿಯಲ್ಲಾದರೂ ಇದ್ದೀತು ಎಂದು ಹೊರಗೆ ಬಿದ್ದೆ. ನಮ್ಮ ಬೀದಿಯ ಪುಸ್ತಕದಂಗಡಿಯ ಬೋರ್ಡಿನಲ್ಲಿ ಸ್ಟೇಷನರಿ ಎಂಬಲ್ಲಿ 'ಇ' ಇರಬೇಕಾದ ಜಾಗದಲ್ಲಿ 'ಎ' ಬಿದ್ದಿತ್ತು. 'ಇ' ಇದ್ದರೆ ಕಾಗದ, ಪೆನ್ನು, ಅಂಟು. 'ಎ' ಇದ್ದರೆ ನಿಂತಲ್ಲೇ ನಿಂತದ್ದು. "ನಿಮ್ಮ ಬೋರ್ಡಿನ ಪ್ರಕಾರ ಇದು ಅಲ್ಲಾಡದ ಅಂಗಡಿ ಕಣ್ರೀ" ಎಂದೆ. ಅಂಗಡಿಯವನು ಜೆರಾಕ್ಸ್ ತೆಗೆಯುತ್ತಲೇ, "ನಮ್ಮಪ್ಪನ ಕಾಲದಿಂದ ಎಲ್ಲಿಗೂ ಅಲ್ಲಾಡಿಲ್ಲ ಸಾರ್, ಬೋರ್ಡು ಸರಿಯಾಗೇ ಇದೆ. ನಿಮಗೇನು ಕೊಡ್ಲಿ?" ಎಂದ. ಮನೆಗೆ ಬಂದು ನಿಘಂಟು ಬಿಡಿಸಿದರೆ, ಅದೂ ಅವನ ಕಡೆಗೇ ಸಾಕ್ಷಿ ಹೇಳಬೇಕೇ! ಮಧ್ಯಯುಗದ ಯುರೋಪಿನಲ್ಲಿ ಊರೂರು ಅಲೆದು ಮಾರುವವರೇ ಹೆಚ್ಚು. ವಿಶ್ವವಿದ್ಯಾಲಯದ ಪಕ್ಕ ಒಂದೇ ಕಡೆ ಮಳಿಗೆ ಹಾಕಿ ಪುಸ್ತಕ ಮಾರುತ್ತಿದ್ದವನಿಗೆ ಸ್ಟೇಷನರ್ ಎಂದು ಹೆಸರು. ಅವನು ಅಲ್ಲಾಡದೆ ಕೂತದ್ದರಿಂದಲೇ ಅವನ ಸರಕಿಗೆ ಆ ಹೆಸರು ಬಂತು. ನಿಘಂಟನ್ನು ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟೆ. ಒಂದು ಪೆನ್ಸಿಲು ಕೊಂಡುಕೊಂಡು ಬಂದದ್ದೇ ಲಾಭ.

ಇನ್ನು ಹುಳಿಗೆ ಬೆಲ್ಲ ಹಾಕುವ ಪ್ರಶ್ನೆ. ಹಾಕಲೇಬೇಕು ಎಂದು ಅಮ್ಮ, ಹಾಕಿದರೆ ಅದು ಹುಳಿಯಲ್ಲ ಪಾಯಸ ಎಂದು ನನ್ನಾಕೆ. ಇಬ್ಬರೂ ನನ್ನ ಕಡೆ ತಿರುಗಿದರು. "ಈ ವಿಷಯದಲ್ಲಿ ನಾನು ಡಿಸ್‌ಇಂಟರೆಸ್ಟೆಡ್" ಎಂದೆ.

"ನಿಮಗೆ ಆಸಕ್ತಿ ಇಲ್ಲ ಅಂತ ಮದುವೆಯಾದಾಗಲೇ ಗೊತ್ತಾಯ್ತು" ಎಂದಳು.

"ಆಸಕ್ತಿ ಇಲ್ಲದ್ದು ಅನ್‌ಇಂಟರೆಸ್ಟೆಡ್. ಡಿಸ್‌ಇಂಟರೆಸ್ಟೆಡ್ ಅಂದ್ರೆ ತನ್ನ ಲಾಭನಷ್ಟ ನೋಡದೆ ನ್ಯಾಯ ಹೇಳೋ ಜಡ್ಜಿನ ಹಾಗೆ."

"ಹಾಗಾದ್ರೆ ನ್ಯಾಯ ಹೇಳು" ಎಂದರು ಅಮ್ಮ. ನ್ಯಾಯಪೀಠ ತಕ್ಷಣ ಬಚ್ಚಲುಮನೆಗೆ ವರ್ಗವಾಯಿತು. ಹೊರಗೆ ಬರುವಷ್ಟರಲ್ಲಿ ಮಗಳು ಮೊಬೈಲು ಹಿಡಿದು ನಿಂತಿದ್ದಳು. "ಅಪ್ಪ, 17ನೇ ಶತಮಾನದಲ್ಲಿ ಡಿಸ್‌ಇಂಟರೆಸ್ಟೆಡ್ ಅಂದ್ರೆ ಆಸಕ್ತಿ ಇಲ್ಲ ಅಂತಾನೂ ಅರ್ಥ ಇತ್ತಂತೆ. ಅನ್‌ಇಂಟರೆಸ್ಟೆಡ್ ಅನ್ನೋದನ್ನೇ ಆಗ ಪಕ್ಷಪಾತ ಇಲ್ಲದವನಿಗೆ ಹೇಳ್ತಿದ್ರಂತೆ!" ಬೆಲ್ಲದ ಜಗಳ ಮರೆತು ಅತ್ತೆ ಸೊಸೆ ಒಂದಾಗಿ ನಕ್ಕರು. ಮನೆಯಲ್ಲಿ ಶಾಂತಿ ನೆಲೆಸಿದ್ದು ನನ್ನ ಇಂಗ್ಲಿಷಿನಿಂದಲೇ ಎಂಬುದನ್ನು ಮಾತ್ರ ಯಾರೂ ಒಪ್ಪುವುದಿಲ್ಲ.

ದೊಡ್ಡವರ ಸಂಸಾರವೂ ಹೀಗೇ ಎಂದು ತೋರಿಸಲು ನೋಹ ವೆಬ್‌ಸ್ಟರ್‌ನ ಕಥೆ ಹೇಳಿದೆ. 1828ರಲ್ಲಿ 70,000 ಪದಗಳ ಅಮೆರಿಕನ್ ನಿಘಂಟು ತಂದ ಮಹಾನುಭಾವ. ಮನೆಗೆಲಸದವಳಿಗೆ ಮುತ್ತಿಡುವಾಗ ಹೆಂಡತಿಯ ಕೈಗೆ ಸಿಕ್ಕಿಬಿದ್ದನಂತೆ. "ನಾನು ಸರ್‌ಪ್ರೈಸ್ಡ್!" ಎಂದು ಆಕೆ ಕೂಗಿದರೆ, "ಇಲ್ಲ ಪ್ರಿಯೆ, ಅಚಾನಕ್ಕಾಗಿ ಸಿಕ್ಕಿಬಿದ್ದ ನಾನು ಸರ್‌ಪ್ರೈಸ್ಡ್, ಬೆರಗಾದ ನೀನು ಅಸ್ಟಾನಿಷ್ಡ್" ಎಂದು ತಿದ್ದಿದನಂತೆ. ಕಟ್ಟುಕಥೆಯೇ, ಆದರೂ ನಮ್ಮ ಪಂಗಡಕ್ಕೆ ಅದು ಪುರಾಣ. ನನ್ನಾಕೆ ಕೇಳಿದ್ದು ಒಂದೇ ಪ್ರಶ್ನೆ: "ಅವತ್ತು ರಾತ್ರಿ ಅವನಿಗೆ ಊಟ ಹಾಕಿದ್ಳಾ?"

ಕೊನೆಯ ಪೆಟ್ಟು ಹಾಲಿನದು. "ರೀ, ಹಾಲು ನೋಡ್ಕೊಳ್ಳಿ, ಪೇಪರಿನವನಿಗೆ ದುಡ್ಡು ಕೊಟ್ಟು ಬರ್ತೀನಿ" ಎಂದು ಹೋದಳು. ನಾನು ಒಲೆಯ ಮುಂದೆ ನಿಂತು ಯೋಚಿಸಿದೆ. ತಾನಾಗಿ ಕಣ್ಣಿಗೆ ಬಿದ್ದರೆ 'ಸೀ', ಬೇಕೆಂದು ಕಣ್ಣು ಹಾಯಿಸಿದರೆ 'ಲುಕ್', ಏನಾಗುತ್ತದೋ ಎಂದು ಕಣ್ಣು ಕೀಳದೆ ಕಾದರೆ 'ವಾಚ್'. ಹಾಲಿಗೆ ಸಲ್ಲುವುದು ಖಂಡಿತ 'ವಾಚ್'. ಕಣ್ಣು ಕೀಳಲಿಲ್ಲ. ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದವು. ಕೆನೆ ಸುಕ್ಕಾಯಿತು. ನಡುವೆ ಉಬ್ಬಿತು, ಪಾತ್ರೆಯ ಕಂಠಕ್ಕೆ ಬಂತು, ಬರ್ನರಿನ ಮೇಲೆ ಚುಸ್ ಎಂದಿತು. ನೀಲಿ ಉರಿ ಹಳದಿಯಾಗಿ ನಂದಿಹೋಯಿತು.

"ನೋಡ್ತಾನೇ ಇದ್ದೆ ಕಣೇ!"

"ನೋಡಿ ಅಂದಿರ್ಲಿಲ್ಲ, ನೋಡ್ಕೊಳ್ಳಿ ಅಂದಿದ್ದೆ" ಎಂದು ಒರೆಸುವ ಬಟ್ಟೆ ನನ್ನ ಕೈಗೆ ಕೊಟ್ಟಳು.

ಕಟ್ಟೆ ಒರೆಸುತ್ತಾ ಜ್ಞಾನೋದಯವಾಯಿತು. ನಮ್ಮ ಕನ್ನಡದ ಈ 'ಕೊಳ್ಳು' ಫೌಲರ್‌ನಿಗೂ ಸಿಕ್ಕುವ ಪೈಕಿಯಲ್ಲ. ಕೇಳುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. "ಬನ್ನಿ, ಬಡಿಸ್ತೀನಿ" ಎಂದರೆ ಮನೆ ತಣ್ಣಗಿದೆ ಎಂದರ್ಥ. "ಬಡಿಸ್ಕೊಳ್ಳಿ" ಎಂದರೆ ಬೆಳಗಿನಿಂದ ಏನು ತಪ್ಪು ಮಾಡಿದೆ ಎಂದು ನೆನಪು ಮಾಡಿಕೊಳ್ಳಬೇಕು. ಯಾವ ವ್ಯಾಕರಣವನ್ನೂ ಓದದೆ ನನ್ನಾಕೆ ಈ ವ್ಯತ್ಯಾಸದಲ್ಲಿ ಒಂದು ದಿನವೂ ಎಡವಿಲ್ಲ.

ಆದ್ದರಿಂದ ಪಂಡಿತ ಮಿತ್ರರಲ್ಲಿ ಅರಿಕೆ: ನಿಘಂಟು ಮನೆಯಲ್ಲಿರಲಿ, ಬೇಡವೆನ್ನುವುದಿಲ್ಲ. ಆದರೆ ಅದನ್ನು ತೆರೆಯುವ ಮುನ್ನ ಗ್ಯಾಸ್ ಆರಿಸಿಕೊಳ್ಳಿ.