ತೊಂಬತ್ತು ಗ್ರಾಂ ಎಲ್ಲಿ ಹೋಯಿತು?

ಭಾರತ ಸರ್ಕಾರ 1956ರಲ್ಲಿ ತೂಕ-ಅಳತೆಗಳ ಕಾಯಿದೆ ತಂದು ಸೇರು, ಪಾವು, ಚಟಾಕುಗಳಿಗೆಲ್ಲ ನಿವೃತ್ತಿ ಕೊಟ್ಟಿತಷ್ಟೆ. ಆ ಸುದ್ದಿ ನಮ್ಮ ಮನೆಯ ಅಕ್ಕಿ ಡಬ್ಬದೊಳಕ್ಕೆ ಇನ್ನೂ ಇಳಿದಿಲ್ಲ. ಅತ್ತೆಯವರು ಮಗಳ ಜೊತೆ ಕೊಟ್ಟು ಕಳಿಸಿದ ಹಿತ್ತಾಳೆ ಕಟ್ಟಿನ ಪಾವು ಅಲ್ಲಿ ಗಟ್ಟಿಯಾಗಿ ಕೂತಿದೆ. ಪಾವು ಅಕ್ಕಿಗೆ ಎರಡು ಪಾವು ನೀರು. ಎರಡನ್ನೂ ಅದರಲ್ಲೇ ಅಳೆಯುವುದರಿಂದ ಪಾವು ತುಸು ಹಿರಿದಾದರೂ ಕಿರಿದಾದರೂ ಅನ್ನಕ್ಕೆ ಬಾಧಕವಿಲ್ಲ. ಕಿಲೋದಲ್ಲಿ ಅಕ್ಕಿ, ಲೀಟರಿನಲ್ಲಿ ನೀರು ಎಂದು ಹೊರಟ ನನ್ನಂಥವರ ಅನ್ನವೇ ಹದಗೆಡುವುದು.

ಒಂದು ಲೀಟರ್ ಅಂದರೆ ಒಂದು ಕಿಲೋ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಅದು ನೀರಿನ ಮಾತು, ಎಣ್ಣೆಯದಲ್ಲ. ಮೊನ್ನೆ ಅತ್ತೆ ಒಂದು ಲೀಟರ್ ಎಣ್ಣೆ ಪ್ಯಾಕೆಟ್ಟನ್ನು ಅಂಗಡಿಯ ತಕ್ಕಡಿಯ ಮೇಲಿಟ್ಟರು. ಪ್ಯಾಕೆಟ್ಟಿನ ಮೇಲೇ 910 ಗ್ರಾಂ ಎಂದು ಅಚ್ಚಾಗಿದೆ.

“ತೊಂಬತ್ತು ಗ್ರಾಂ ಎಲ್ಲಿ ಹೋಯ್ತು ಶೆಟ್ರೇ?”

“ಎಣ್ಣೆ ನೀರಿಗಿಂತ ಹಗುರ ಅಮ್ಮಾ. ನೀರಿನ ಮೇಲೆ ತೇಲೋದು ನೋಡಿಲ್ವಾ?”

“ತೇಲೋ ಸಾಮಾನಿಗೆ ಮುಳುಗಿಸೋ ರೇಟು ಹಾಕಿದ್ದೀರಲ್ಲ!”

ಶೆಟ್ಟರು ಸೇರಾದರೆ ಅತ್ತೆ ಸವ್ವಾಸೇರು. ನಾನು ಮಾತ್ರ ಬ್ರೆಡ್ಡಿನ ಎಕ್ಸ್‌ಪೈರಿ ದಿನಾಂಕವನ್ನು ಭಕ್ತಿಯಿಂದ ಓದುತ್ತಾ ನಿಂತೆ.

ಈ ಕಿಲೋ-ಲೀಟರ್ ಜಗಳದಲ್ಲಿ ದೊಡ್ಡ ದೊಡ್ಡ ಪಂಡಿತರೂ ಸಿಕ್ಕಿಬಿದ್ದಿದ್ದಾರೆ. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಡಬ್ಬಿಯಲ್ಲಿ ಹಿಡಿಸಿದ್ದು ಒಂದು ಲೀಟರ್ ಎಂದು ಫ್ರಾನ್ಸಿನವರು 1795ರಲ್ಲೇ ಸರಳವಾಗಿ ಹೇಳಿದ್ದರು. 1901ರಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ಸೇರಿ, ಒಂದು ಕಿಲೋ ಶುದ್ಧ ನೀರು ಹಿಡಿಯುವ ಜಾಗವೇ ಲೀಟರ್ ಎಂದು ಬದಲಾಯಿಸಿದರು. ಎರಡರ ನಡುವೆ 0.028 ಮಿಲಿಲೀಟರ್ ವ್ಯತ್ಯಾಸ ಬಂತು, ಅಂದರೆ ಒಂದು ಹನಿಯೂ ಪೂರ್ತಿಯಲ್ಲ. 1964ರಲ್ಲಿ ಮರಳಿ ಡಬ್ಬಿಗೇ ಶರಣಾದರು. ಅಷ್ಟು ವರ್ಷ ಹನಿಗಾಗಿ ಹೆಣಗಿದ ಪುಣ್ಯಾತ್ಮರು ನಮ್ಮ ಬೈಟು ಕಾಫಿ ಹಂಚುವವನ ಕೈ ನೋಡಬೇಕಿತ್ತು!

ಡಬ್ಬಿಯ ಲೆಕ್ಕಕ್ಕೆ ಮರಳಿದ್ದರಿಂದಲೇ ಈಗ ಸಿರಪ್ಪಿನ ಮುಚ್ಚಳದ ಐದು ಮಿಲಿಯೂ ಸಿರಿಂಜಿನ ಐದು ಸಿಸಿಯೂ, ಅಂದರೆ ಘನ ಸೆಂಟಿಮೀಟರೂ, ಒಂದೇ. ನೂರು ಸಿಸಿ ಬೈಕು ಎಂದು ಮೀಸೆ ತಿರುವುತ್ತೇವಲ್ಲ, ಅದರ ಎಂಜಿನ್ನಿನಲ್ಲಿ ಪಿಸ್ಟನ್ ಓಡಾಡುವ ಜಾಗ ಒಂದು ಸಣ್ಣ ಲೋಟ ಕಾಫಿಯಷ್ಟು.

ಆದರೆ ನನಗೊಂದು ತಕರಾರಿದೆ. ನಮ್ಮ ಪಾವನ್ನು ಕಿತ್ತುಕೊಂಡ ಸರ್ಕಾರ ತನ್ನ ಅಡಿಯನ್ನು ಮಾತ್ರ ಬಿಟ್ಟಿಲ್ಲ. ಕೆಆರ್‌ಎಸ್ ಇವತ್ತಿಗೂ ತುಂಬುವುದು 124.80 ಅಡಿಗೆ, ಹಿಡಿಯುವುದು 49.45 ಟಿಎಂಸಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಹೇಳಿದರೆ ಒಂದು ಟಿಎಂಸಿಗೆ ಸುಮಾರು 2,831 ಕೋಟಿ ಲೀಟರ್. ಅಷ್ಟು ಸೊನ್ನೆ ಬರೆದರೆ ಪತ್ರಿಕೆಯಲ್ಲಿ ಸುದ್ದಿಗೆ ಜಾಗವಿರುವುದಿಲ್ಲ, ಒಪ್ಪಿಕೊಳ್ಳೋಣ.

ಮೆಟ್ರಿಕ್‌ನಲ್ಲಿ ನನಗೆ ಪ್ರೀತಿ ಹುಟ್ಟಿಸಿದ ಲೆಕ್ಕ ಮಳೆಯದು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಮೂವತ್ತು-ನಲವತ್ತರ ಸೈಟಿನಷ್ಟು ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಸುರಿದರೆ ಸುಮಾರು 1,100 ಲೀಟರ್. ಇದನ್ನು ಉತ್ಸಾಹದಿಂದ ಅತ್ತೆಗೆ ವಿವರಿಸಿದೆ.

“ಬಿಂದಿಗೆ ಎಷ್ಟಾಗತ್ತೆ, ಹೇಳಿ.”

ಹದಿನೈದು ಲೀಟರಿನ ಬಿಂದಿಗೆಯಾದರೆ ಎಪ್ಪತ್ತರ ಮೇಲೆ ಎಂದೆ.

“ಎಲ್ಲಾ ಮೋರಿಗೆ ಹೋಗ್ತಿದೆಯಲ್ಲ ಅಳಿಯಂದ್ರೇ! ಮೊದ್ಲು ಆ ಪೈಪು ಸಂಪಿಗೆ ಬಿಡ್ಸಿ, ಆಮೇಲೆ ಕೂತು ಲೆಕ್ಕ ಹಾಕಿ.”