ಎಳೆಯುವ ಯೋಗ

ಮಿಶಿಗನ್ ಸೀಮೆಯಲ್ಲಿ ಗಾಡಿಗೆ ಮುಂದಿನಿಂದ ಬೆಲೆ ಕಟ್ಟುವವರು ಕಡಿಮೆ. ಹಿಂದೆ ಹೋಗಿ, ಸ್ವಲ್ಪ ಬಗ್ಗಿ, ಬಂಪರಿನ ಕೆಳಗೆ ಚೌಕದ ಕಬ್ಬಿಣದ ಬಾಯಿ ಇದೆಯೋ ಇಲ್ಲವೋ ನೋಡುತ್ತಾರೆ. ಅದೇ ಹಿಚ್ಚು. ಇದ್ದರೆ ನೀವು ದೋಣಿಯನ್ನೋ ಕ್ಯಾಂಪರನ್ನೋ ಸೌದೆಯನ್ನೋ ಎಳೆದುಕೊಂಡು ಹೋಗುವ ಮರ್ಯಾದಸ್ಥ ಗೃಹಸ್ಥರು. ಇಲ್ಲದಿದ್ದರೆ ಆಫೀಸಿನಿಂದ ಬರುವಾಗ ಇಂಡಿಯನ್ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರುವ ಪ್ರಾಣಿ. ರಾಜ್ಯದ ಒಳಗೇ 11,000ಕ್ಕೂ ಹೆಚ್ಚು ಕೆರೆಗಳಿವೆ, ಸುತ್ತ ಮಹಾಸರೋವರಗಳು ಬೇರೆ. ಏನನ್ನಾದರೂ ಎಳೆದುಕೊಂಡು ಹೋಗಿ ನೀರಿಗೆ ಇಳಿಸದಿದ್ದರೆ ಇಲ್ಲಿದ್ದು ಏನು ಪ್ರಯೋಜನ ಅನ್ನುವುದು ಎದುರುಮನೆ ಅಜ್ಜನ ವಾದ. ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಮ್ಮ ಹೊಸ ಗಾಡಿ ಮನೆಗೆ ಬಂದಾಗ ಅವರು ಬಣ್ಣ ನೋಡಲಿಲ್ಲ, ಒಳಗಿನ ದೊಡ್ಡ ಪರದೆ ನೋಡಲಿಲ್ಲ. ನೇರ ಹಿಂದಕ್ಕೆ ಹೋದರು, ಬಗ್ಗಿದರು, ಎದ್ದರು, ಸಾವಿನ ಮನೆಯಲ್ಲಿ ಮಾತಾಡುವ ಧ್ವನಿಯಲ್ಲಿ "ಪರವಾಗಿಲ್ಲ, ಆಮೇಲೆ ಹಾಕಿಸಿಕೊಳ್ಳಬಹುದು" ಅಂದರು.

ಗಾಡಿ ಕಾಂಪ್ಯಾಕ್ಟ್ ಎಸ್‌ಯುವಿ. ಇಲ್ಲಿನ ಲೆಕ್ಕದಲ್ಲಿ ಕಾಂಪ್ಯಾಕ್ಟ್ ಅಂದರೆ ಸುಮಾರು 4.6 ಮೀಟರ್ ಉದ್ದ. ಬೆಂಗಳೂರಿನ ನನ್ನ ಷಡ್ಡಕರಿಗೆ ವೀಡಿಯೊದಲ್ಲಿ ತೋರಿಸಿದರೆ ಅವರು ಒಪ್ಪಲೇ ಇಲ್ಲ. "ಇದ್ಯಾವ ಸೀಮೆ ಕಾಂಪ್ಯಾಕ್ಟು ಕಣ್ರೀ? ಅಷ್ಟು ಜಾಗದಲ್ಲಿ ನಮ್ಮ ಗಾಡೀನೂ ನಿಲ್ಲಿಸಿ, ಅಡ್ಡಕ್ಕೆ ಒಂದು ಸ್ಕೂಟರೂ ತೂರಿಸಬಹುದು" ಅಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಭಾರತದಲ್ಲಿ 2006ರ ಬಜೆಟ್‌ನಿಂದೀಚೆಗೆ 4 ಮೀಟರಿನೊಳಗಿನ, ಸಣ್ಣ ಎಂಜಿನ್ನಿನ ಕಾರಿಗೆ ತೆರಿಗೆ ಕಡಿಮೆ. ಅದಕ್ಕೇ ಅಲ್ಲಿನ ಎಷ್ಟೋ ಗಾಡಿಗಳು 3,995 ಮಿಲಿಮೀಟರಿಗೆ ಹೊಟ್ಟೆ ಒಳಗೆಳೆದುಕೊಂಡು ನಿಂತಿರುತ್ತವೆ. ಷಡ್ಡಕರು ಹಾಗೆ ಉಳಿಸಿದ ತೆರಿಗೆಯನ್ನು ಅಷ್ಟಕ್ಕಷ್ಟೂ ಜೆ.ಸಿ. ರಸ್ತೆಯಲ್ಲಿ ಸುರಿದು ಬಂದವರು. ಸೀಟಿಗೆ ಕವರು, ಬಾಗಿಲ ಹಿಡಿಗೆ ಕ್ರೋಮು, ಕ್ರೋಮಿಗೆ ಗೀರು ಬೀಳದಂತೆ ಪ್ಲಾಸ್ಟಿಕ್ಕು, ಮುಂದೆ ಒಂದು ಉಕ್ಕಿನ ಗಾರ್ಡು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ, ಇಂಥ ಗಾರ್ಡುಗಳು ಪಾದಚಾರಿಗಳಿಗೂ ಅಪಾಯ, ಗಾಡಿಯಲ್ಲಿ ಕೂತವರಿಗೂ ಅಪಾಯ, ಕ್ರಮ ತಗೊಳ್ಳಿ ಎಂದು ರಾಜ್ಯಗಳಿಗೆ ಬರೆದ ಮೇಲೆ ಅದು ಕಳಚಿಕೊಂಡು ತಾರಸಿ ಸೇರಿತು. ಈಗ ಅದರ ಮೇಲೆ ಟವೆಲ್ ಒಣಗುತ್ತದೆ. "ನಿಮ್ಮಲ್ಲಿ ಹಿಂದೆ ಕಬ್ಬಿಣ ಕಟ್ಟಿಕೊಂಡರೆ ಗೌರವ, ನಮ್ಮಲ್ಲಿ ಮುಂದೆ ಕಟ್ಟಿಕೊಂಡರೆ ದಂಡ" ಎಂದು ಅವರು ಇವತ್ತಿಗೂ ನೊಂದುಕೊಳ್ಳುತ್ತಾರೆ.

ನನಗೆ ಏನನ್ನೂ ಎಳೆಯುವ ಆಸೆ ಇರಲಿಲ್ಲ, ದೇವರಾಣೆ. ಸೈಕಲ್ ಹೊರುವ ರ್‍ಯಾಕ್ ಬೇಕಿತ್ತು, ಅಷ್ಟೆ. ಗಾಡಿಯ ತಲೆಯ ಮೇಲೆ ಸೈಕಲ್ ಕಟ್ಟಿಕೊಂಡು, ಕಟ್ಟಿದ್ದು ಮರೆತು ಗ್ಯಾರೇಜಿಗೆ ನುಗ್ಗಿ, ಸೈಕಲ್ಲನ್ನೂ ಗ್ಯಾರೇಜಿನ ಬಾಗಿಲನ್ನೂ ಒಂದೇ ಏಟಿಗೆ ಕಳೆದುಕೊಂಡವರ ಕಥೆ ಇಲ್ಲಿ ಬೀದಿಗೊಂದು ಸಿಗುತ್ತದೆ. ರ್‍ಯಾಕು ಹಿಂದಿದ್ದರೆ ಆ ಭಯವಿಲ್ಲ, ಆದರೆ ಅದು ನಿಲ್ಲಲು ಹಿಚ್ಚು ಬೇಕು. ಹಿಚ್ಚಿನಲ್ಲೂ ಜಾತಿಗಳು. ಬಾಯಿ 1¼ ಇಂಚಿನದಾದರೆ ಒಂದು ಮತ್ತು ಎರಡನೇ ದರ್ಜೆ, 2 ಇಂಚಿನದಾದರೆ ಮೂರನೇ ದರ್ಜೆ. ಪರೀಕ್ಷೆಯಲ್ಲಿ ಒಂದನೇ ದರ್ಜೆ ಮೇಲು, ಇಲ್ಲಿ ಅದು ಉಲ್ಟಾ. ಒಳ್ಳೆಯ ರ್‍ಯಾಕುಗಳೆಲ್ಲ 2 ಇಂಚಿನ ಬಾಯಿಗೇ ಬರುವುದರಿಂದ ನಾನೂ ಮೂರನೇ ದರ್ಜೆಗೇ ಕೈಯಿಟ್ಟೆ.

ನನ್ನವಳು ಪೆಟ್ಟಿಗೆಯ ಮೇಲಿನ ಅಕ್ಷರ ಓದಿದಳು. "3,500 ಪೌಂಡು ಎಳೆಯತ್ತೆ ಅಂತಿದೆಯಲ್ರೀ. ನಮ್ಮ ಸೈಕಲ್ಲು ಅಷ್ಟು ತೂಕ ಇದ್ಯಾ?"

ಅದು ಹಿಚ್ಚಿನ ಶಕ್ತಿ, ಗಾಡಿಯದ್ದಲ್ಲ ಎಂದು ವಿವರಿಸಿದೆ. ಕೈಪಿಡಿಯ ಪ್ರಕಾರ ನಮ್ಮ ಗಾಡಿ ಎಳೆಯಬಹುದಾದದ್ದು 1,500 ಪೌಂಡು, ಅಂದರೆ ಸುಮಾರು 680 ಕಿಲೊ, ಟ್ರೇಲರಿನ ಸ್ವಂತ ತೂಕವೂ ಸೇರಿ. ಹಿಚ್ಚು, ಟ್ರೇಲರು ಕೂರುವ ಗುಂಡು, ಗಾಡಿ, ಟ್ರೇಲರು ಇಷ್ಟರಲ್ಲಿ ಯಾರು ಅತ್ಯಂತ ದುರ್ಬಲರೋ ಅವರು ಹೇಳಿದ್ದೇ ಕಾನೂನು. ಹೀಗೆ ದುರ್ಬಲರ ಮಾತು ನಡೆಯುವ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ತಮಾಷೆಯೆಂದರೆ ಇಂಥದೇ ಗಾಡಿಗಳಿಗೆ ಯೂರೋಪಿನ ಕೈಪಿಡಿಯಲ್ಲಿ ಇನ್ನೂ ಹೆಚ್ಚು ಎಳೆಯಲು ಅಪ್ಪಣೆ ಇರುತ್ತದೆ. ಅಲ್ಲಿ ಟ್ರೇಲರ್ ಕಟ್ಟಿಕೊಂಡವರು ನಿಧಾನ ಹೋಗಬೇಕು, ಜರ್ಮನಿಯಲ್ಲಿ ಸಾಮಾನ್ಯವಾಗಿ ಗಂಟೆಗೆ 80 ಕಿಲೊಮೀಟರ್. ಇಲ್ಲಿ ಹಿಂದೆ ಮನೆಯನ್ನೇ ಕಟ್ಟಿಕೊಂಡಿದ್ದರೂ ಪಕ್ಕದವರನ್ನು ಹಿಂದೆ ಹಾಕದೆ ನಿದ್ದೆ ಬರುವುದಿಲ್ಲ.

ಅಂಗಡಿಯವರು ಕೂರಿಸುವ ಕೂಲಿ ಹೇಳಿದ್ದು ಹಿಚ್ಚಿನ ಬೆಲೆಗೇ ಹೆಗಲೆಣೆಯಾಗಿತ್ತು. ಆ ಅಂಕಿ ಮನೆಗೆ ಬಂದಿದ್ದ ಮಾವನವರ ಕಿವಿಗೆ ಬಿತ್ತು. ಹಾಸನದ ಕೆಎಸ್‌ಆರ್‌ಟಿಸಿ ವರ್ಕ್‌ಶಾಪಿನಲ್ಲಿ ಇಡೀ ಸರ್ವಿಸು ಕಳೆದವರು. ಅಮೆರಿಕಕ್ಕೆ ಬಂದ ಮೇಲೆ ಪಾನಾ ಮುಟ್ಟಲು ಸಿಗದೆ ಕೈ ಹಿಸುಕಿಕೊಳ್ಳುತ್ತಿದ್ದರು. ಡಿಶ್‌ವಾಷರಿನ ಸ್ಕ್ರೂಗಳನ್ನು ಆಗಲೇ ಎರಡೆರಡು ಸಲ ಬಿಗಿ ಮಾಡಿಯಾಗಿತ್ತು. "ನಾಲ್ಕು ಬೋಲ್ಟ್ ಹಾಕೋಕೆ ಅಷ್ಟು ದುಡ್ಡಾ ಅಳಿಯಂದ್ರೇ? ನಾನು ಬಸ್ಸಿನ ಗೇರ್‌ಬಾಕ್ಸೇ ಇಳಿಸಿದೋನು" ಎಂದು ಪಂಚೆ ಬಿಟ್ಟು ನನ್ನ ಹಳೇ ಪ್ಯಾಂಟು ಏರಿಸಿಯೇಬಿಟ್ಟರು.

ಗಾಡಿಯ ಹಿಂಭಾಗವನ್ನು ಎತ್ತಿ ಸ್ಟ್ಯಾಂಡಿಗೆ ಕೊಟ್ಟು ಇಬ್ಬರೂ ಅಡಿಗೆ ತೂರಿದೆವು. ನಾನು ವೃತ್ತಿಯಿಂದ ಸಾಫ್ಟ್‌ವೇರಿನವನು. ಟಾರ್ಚ್ ಹಿಡಿಯುವುದು ನನ್ನ ಕೆಲಸ, ತಪ್ಪು ಕಡೆ ಹಿಡಿದದ್ದಕ್ಕೆ ಬೈಸಿಕೊಳ್ಳುವುದೂ ಅದರಲ್ಲೇ ಸೇರಿತ್ತು. ಮೊದಲು ಸೈಲೆನ್ಸರು ಕೆಳಗಿಳಿಯಬೇಕು. ಅದು ರಬ್ಬರಿನ ಕಿವಿಗಳಲ್ಲಿ ನೇತಾಡುತ್ತಿರುತ್ತದೆ, ಸೋಪಿನ ನೀರು ಹಚ್ಚಿ ಜಗ್ಗಿದರೆ ಕಳಚುತ್ತದೆ. ನಮ್ಮದು ಹೊಸ ಗಾಡಿ, ಬಚಾವಾದೆವು. ಈ ಊರಿನಲ್ಲಿ ನಾಲ್ಕು ಚಳಿಗಾಲ ಕಂಡ ಗಾಡಿಯ ಬೋಲ್ಟುಗಳು ಯಾರ ಮಾತೂ ಕೇಳುವುದಿಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿ ಇದೆ. ಕಾರು ಕಟ್ಟುವ ಊರಿನ ಕೆಳಗೇ ಕಾರು ತಿನ್ನುವ ಪದಾರ್ಥವನ್ನು ದೇವರು ಇಟ್ಟಿದ್ದಾನೆಂದು ಕೇಳಿ ಮಾವನವರಿಗೆ ಬಹಳ ಸಂತೋಷವಾಯಿತು. "ರಿಪೇರಿಯೋರೂ ಬದುಕಬೇಕಲ್ಲ" ಅಂದರು.

ತೊಡಕು ಬಂದದ್ದು ಬೋಲ್ಟಿನಲ್ಲಿ. ಹಿಚ್ಚು ಕಚ್ಚಿಕೊಳ್ಳುವುದು ಚಾಸಿಯ ಪೊಳ್ಳು ತೊಲೆಗೆ. ಬೋಲ್ಟು ತೊಲೆಯ ಒಳಗಿನಿಂದ ಹೊರಕ್ಕೆ ತಲೆ ಹಾಕಬೇಕು, ಆದರೆ ಒಳಗೆ ಕೈ ಹೋಗುವುದಿಲ್ಲ. ಅದಕ್ಕೇ ಪೆಟ್ಟಿಗೆಯಲ್ಲಿ ತುದಿಗೆ ಸುರುಳಿ ಸುತ್ತಿದ ತಂತಿ ಕೊಟ್ಟಿರುತ್ತಾರೆ. ತಂತಿಯನ್ನು ಬೋಲ್ಟಿನ ತೂತಿನಿಂದ ತೂರಿಸಿ ದೂರದ ದೊಡ್ಡ ತೂತಿನಲ್ಲಿ ಹೊರಗೆಳೆದು, ಅದರ ತುದಿಗೆ ದಪ್ಪ ಬಿಲ್ಲೆಯನ್ನೂ ಬೋಲ್ಟನ್ನೂ ಸಿಕ್ಕಿಸಿ, ಮತ್ತೆ ಈಚೆಗೆ ಎಳೆದುಕೊಳ್ಳಬೇಕು. ನಾವು ಎಳೆದಾಗಲೆಲ್ಲ ಬಿಲ್ಲೆ ಬರುತ್ತಿತ್ತು, ಬೋಲ್ಟು ಒಳಗೇ ಉಳಿದು ಕಟಕಟ ಅನ್ನುತ್ತಿತ್ತು. ಮಾವನವರು ಅಮೆರಿಕದ ಎಂಜಿನಿಯರುಗಳ ವಂಶವನ್ನು ನೆನೆಯತೊಡಗಿದರು.

ಕಾಫಿ ತಂದ ಅತ್ತೆ ಸ್ವಲ್ಪ ಹೊತ್ತು ನೋಡಿದರು. "ಅಷ್ಟು ಜೋರಾಗಿ ಎಳೆದ್ರೆ ಬರತ್ತಾ? ಜೀವಮಾನವೆಲ್ಲ ಲಂಗಕ್ಕೆ ಲಾಡಿ ಪೋಣಿಸಿದೀನಿ, ಈ ಕಡೆ ಬನ್ನಿ" ಎಂದು ಸೆರಗು ಸಿಕ್ಕಿಸಿ ಕೂತರು. ಒಂದು ಕೈಯಿಂದ ತಂತಿಯನ್ನು ಬೆರಳಲ್ಲಿ ಹೊರಳಿಸುತ್ತಾ, ಇನ್ನೊಂದು ಕೈಯಿಂದ ತೊಲೆಯನ್ನು ಮೆಲ್ಲಗೆ ತಟ್ಟುತ್ತಾ ಬಂದರು. ಬೋಲ್ಟು ವಿಧೇಯವಾಗಿ ತೂತಿನಲ್ಲಿ ಮೂಗು ತೋರಿಸಿತು. ಮಿಕ್ಕವನ್ನೂ ಅವರೇ ಎಳೆದುಕೊಟ್ಟರು. ವರ್ಕ್‌ಶಾಪಿನ ಅನುಭವಕ್ಕೆ ಉಳಿದದ್ದು ಟಾರ್ಕ್ ರೆಂಚಿನಲ್ಲಿ ಬಿಗಿಯುವ ಭಾಗ. ರೆಂಚು 'ಕ್ಲಿಕ್' ಎಂದಾಗ ನಿಲ್ಲಿಸಬೇಕೆಂದರೆ ಮಾವನವರು "ಅದು ಹೇಳಿದ್ರೆ ನಾನ್ಯಾಕೆ ನಿಲ್ಲಿಸಲಿ?" ಎಂದು ಜಗಳಕ್ಕೆ ನಿಂತರು.

ವೈರಿಂಗಿನಲ್ಲಿ ಮಾತ್ರ ಜಗಳವಿರಲಿಲ್ಲ. ಟ್ರೇಲರಿನ ದೀಪಕ್ಕೆ ನಾಲ್ಕು ತಂತಿಯ ಚಪ್ಪಟೆ ಪ್ಲಗ್ಗು: ಬಿಳಿ ಅರ್ತಿಂಗು, ಕಂದು ಹಿಂದೀಪ, ಹಳದಿ ಎಡ, ಹಸಿರು ಬಲ. ಬ್ರೇಕಿಗೆ ಬೇರೆ ತಂತಿಯಿಲ್ಲ, ಎಡಬಲದ ತಂತಿಗಳೇ ಆ ಕೆಲಸವನ್ನೂ ಮಾಡುತ್ತವೆ. ಒಬ್ಬನೇ ಡ್ರೈವರ್ ಕಂ ಕಂಡಕ್ಟರ್ ಪದ್ಧತಿ ಎಂದು ಮಾವನವರು ತಕ್ಷಣ ಹಿಡಿದರು.

ಇಷ್ಟಾದರೆ ಹಿಚ್ಚು ಬಂತೇ ಹೊರತು ಎಳೆಯುವ ಶಕ್ತಿ ಬರಲಿಲ್ಲ. ಚೌಕದ ಬಾಯಿಗೆ ತೂರಿಸುವ ನಾಲಿಗೆ ಬೇರೆ ಕೊಳ್ಳಬೇಕು, ನಾಲಿಗೆಯ ಮೇಲೆ ಗುಂಡು ಬೇರೆ. ಗುಂಡಿನಲ್ಲಿ 1⅞ ಇಂಚು, 2 ಇಂಚು, 2⁵⁄₁₆ ಇಂಚು. ಅಳತೆ ತಪ್ಪಿದರೆ ಒಂದೋ ಟ್ರೇಲರು ಕೂರುವುದಿಲ್ಲ, ಇಲ್ಲವೇ ಕೂತಂತೆ ನಟಿಸಿ ದಾರಿಯಲ್ಲಿ ಬಿಟ್ಟುಹೋಗುತ್ತದೆ. ನಾಲಿಗೆ ಜಾರದಂತೆ ಪಿನ್ನು, ಪಿನ್ನು ಜಾರದಂತೆ ಕ್ಲಿಪ್ಪು, ಕ್ಲಿಪ್ಪನ್ನು ಯಾರೂ ಕದಿಯದಂತೆ ಬೀಗ, ಗಡಗಡ ಸದ್ದಾಗದಂತೆ ಒಂದು ಬಿಗಿಪಟ್ಟಿ, ಏನೂ ಇಲ್ಲದಾಗ ಬಾಯಿ ಮುಚ್ಚಲು ರಬ್ಬರಿನ ಮುಚ್ಚಳ. ನಾಲಿಗೆ ಹೊರಗೆ ಚಾಚಿಕೊಂಡೇ ಇದ್ದರೆ ಡಿಕ್ಕಿ ತೆಗೆಯಲು ಹೋದವರ ಮೊಣಕಾಲ ಕೆಳಗಿನ ಮೂಳೆಗೆ ಸರಿಯಾಗಿ ತಗಲುತ್ತದೆ. ಅಪ್ಪಟ ಕನ್ನಡದಲ್ಲಿ ಅಳುವವರನ್ನು ನೋಡಬೇಕಾದರೆ ನಮ್ಮ ಗಾಡಿಯ ಹಿಂದೆ ಬರಬೇಕು.

ಸೈಕಲ್ ಹೊರುವ ಯೋಗ ಮಾತ್ರ ಗಾಡಿಗೆ ಬರಲಿಲ್ಲ. ಕನ್ನಡ ಕೂಟದವರಿಗೆ ಹೇಗೋ ಸುದ್ದಿ ಮುಟ್ಟಿತು. ಕೂಟದಲ್ಲಿ ಡಾಕ್ಟರಿದ್ದಾರೆ, ವಿಜ್ಞಾನಿಗಳಿದ್ದಾರೆ, ಯಕ್ಷಗಾನ ಕುಣಿಯುವವರಿದ್ದಾರೆ, ಹಿಚ್ಚಿರುವವನು ಇರಲಿಲ್ಲ. ಎಂದೂ ಮಾತಾಡಿಸದಿದ್ದ ಹಿರಿಯರು ಫೋನ್ ಮಾಡಿ ಮನೆಮಂದಿಯ ಆರೋಗ್ಯ ವಿಚಾರಿಸಿದರು. ಆರೋಗ್ಯದ ನಂತರ ಸೋಫಾ ಬರುತ್ತಿತ್ತು. ವಸಂತ ಬಂದಾಗ ಹಿತ್ತಲ ಗಿಡಗಳಿಗೆ ಹೊದಿಸುವ ಮರದ ಚಕ್ಕೆಪುಡಿ ತರುವ ಕಾಲ. ಬಾಡಿಗೆಯ ಟ್ರೇಲರ್ ಕಟ್ಟಿಕೊಂಡು ನಾನು ಬೀದಿ ಬೀದಿ ಅಲೆದೆ. ಪ್ರತಿಫಲವಾಗಿ ಎಲ್ಲರ ಮನೆಯಲ್ಲೂ ಉಪ್ಪಿಟ್ಟು.

ಗಣೇಶನ ಹಬ್ಬಕ್ಕೆ ಕೂಟದ ಮರದ ಮಂಟಪ ಸಾಗಿಸುವುದೂ ನನ್ನ ಪಾಲಿಗೆ ಬಂತು. ಟ್ರೇಲರಿಗೆ ತೂಕ ಹೇರುವುದರಲ್ಲಿ ಒಂದು ನೇಮವಿದೆ: ಸುಮಾರು 60 ಭಾಗ ಅಚ್ಚಿನ ಮುಂದಕ್ಕೆ, 40 ಭಾಗ ಹಿಂದಕ್ಕೆ, ಗುಂಡಿನ ಮೇಲೆ ಒಟ್ಟು ತೂಕದ ಹತ್ತನೇ ಒಂದು ಪಾಲಾದರೂ ಕೂತಿರಬೇಕು. ಹಿಂದೆ ಭಾರವಾದರೆ ವೇಗದಲ್ಲಿ ಟ್ರೇಲರು ಎಡಬಲಕ್ಕೆ ಓಲಾಡಲು ಶುರುವಾಗಿ ಗಾಡಿಯನ್ನೂ ಅಲ್ಲಾಡಿಸುತ್ತದೆ. ಇದನ್ನು ಸಮಿತಿಗೆ ತಿಳಿಸಿದಾಗ ದೊಡ್ಡ ಚರ್ಚೆಯಾಯಿತು. ಬಿಸಿಬೇಳೆಬಾತಿನ ಪಾತ್ರೆ ಗಣಪತಿಯ ಮುಂದೆ ಇರಬೇಕೋ ಹಿಂದೆ ಇರಬೇಕೋ? ನೈವೇದ್ಯಕ್ಕೆ ಮುಂಚೆ ದೇವರಿಗೆ ಎದುರಾಗಿ ಪಾತ್ರೆ ಇಟ್ಟರೆ ಹೇಗೆ ಎಂದು ಒಬ್ಬರು. ಭೌತಶಾಸ್ತ್ರದ ಮುಂದೆ ಮಡಿ ನಡೆಯುವುದಿಲ್ಲ ಎಂದು ಮತ್ತೊಬ್ಬರು. ಕೊನೆಗೆ ಮಾವನವರು, ಗಣಪತಿಯನ್ನು ಗಾಡಿಯೊಳಗೆ ಸೀಟಿನ ಮೇಲೆ ಕೂರಿಸಿ ಬೆಲ್ಟು ಹಾಕಿ ಸಮಸ್ಯೆ ಬಗೆಹರಿಸಿದರು. ಟ್ರೇಲರನ್ನು ಗಾಡಿಗೆ ಬಿಗಿಯುವ ಸರಪಳಿಗಳೆರಡನ್ನೂ ಕತ್ತರಿಯಾಕಾರದಲ್ಲಿ ಅಡಿಯಿಂದ ಹಾಯಿಸಿ ಕಟ್ಟಿದೆ. ಗುಂಡಿನಿಂದ ಕಳಚಿದರೂ ಟ್ರೇಲರಿನ ಮೂತಿ ನೆಲಕ್ಕೆ ಕುಟ್ಟದೆ ಆ ತೊಟ್ಟಿಲಲ್ಲಿ ಬೀಳಲಿ ಎಂದು ಹಾಗೆ.

ಮುಂದಕ್ಕೆ ಹೋಗುವುದು ಸುಲಭ. ಹಬ್ಬ ನಡೆಯುವ ಶಾಲೆಯ ಅಂಗಳದಲ್ಲಿ ಹಿಂದಕ್ಕೆ ಬಿಡಬೇಕಾಯಿತು. ಟ್ರೇಲರು ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗು ಬಲಕ್ಕೆ. ಚಿಕ್ಕ ಟ್ರೇಲರಾದರಂತೂ ಒಂದಿಂಚು ತಿರುಗಿಸಿದರೆ ಒಂದು ಮಾರು ತಿರುಗುತ್ತದೆ. ಅದರ ಮೇಲೆ ನಮ್ಮ ಗಾಡಿಗೆ ಬುದ್ಧಿ ಜಾಸ್ತಿ. ಹಿಂದೆ ಏನೋ ಬಹಳ ಹತ್ತಿರವಿದೆಯೆಂದು ಸೆನ್ಸರು ಕಿರುಚಿ, ತನಗೆ ತಾನೇ ಬ್ರೇಕು ಹಾಕಿಕೊಂಡು ನಿಂತಿತು. ತಾನೇ ಎಳೆದು ತಂದ ಮಂಟಪಕ್ಕೆ ಹೆದರಿ ಅದು ಅಲ್ಲಾಡುತ್ತಿಲ್ಲ, ಆ ಸೌಲಭ್ಯವನ್ನು ಆರಿಸುವ ಗುಂಡಿ ಪರದೆಯ ಯಾವ ಪುಟದಲ್ಲಿದೆಯೋ ಗೊತ್ತಿಲ್ಲ. ಹೊರಗೆ ಕೂಟದ ಸದಸ್ಯರೆಲ್ಲ ನಿಂತು "ಬರ್ಲಿ ಬರ್ಲಿ", "ಬಲಕ್ಕೆ ಒಡೀರಿ", "ಅವರ ಬಲ ಅಲ್ಲ, ನಿಮ್ಮ ಬಲ" ಎಂದು ಕೂಗುತ್ತಿದ್ದರು. ಕಡೆಗೆ ಟ್ರೇಲರನ್ನು ಕಳಚಿ, ಆರು ಜನ ಕೈಯಲ್ಲೇ ತಳ್ಳಿ ಒಳಗೆ ಒಯ್ದರು. ಜೈಕಾರ ಗಣಪತಿಗೆ ಸಲ್ಲಿತು.

ವರ್ಷ ವರ್ಷ ಬಾಡಿಗೆ ಕಟ್ಟುವುದಕ್ಕಿಂತ ಕೂಟವೇ ಒಂದು ಟ್ರೇಲರ್ ಕೊಂಡರೆ ಹೇಗೆ ಎಂಬ ಸಲಹೆ ಅದೇ ಸಂಜೆ ಊಟದ ಸಾಲಿನಲ್ಲಿ ಹುಟ್ಟಿತು. ಮಿಶಿಗನ್‌ನಲ್ಲಿ ಟ್ರೇಲರಿಗೆ ಒಮ್ಮೆ ನಂಬರ್ ಪ್ಲೇಟು ತೆಗೆದುಕೊಂಡರೆ ಸಾಕು, ವರ್ಷ ವರ್ಷ ನವೀಕರಿಸಬೇಕಿಲ್ಲ. ಆಜೀವ ಸದಸ್ಯತ್ವ ಎಂದು ಖಜಾಂಚಿಯವರು ಹಿಗ್ಗಿದರು. ಹಿಚ್ಚಿರುವವರ ಹೆಸರಿಗೇ ನೋಂದಣಿ ಆಗಲಿ ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ನಾನು ಆಗ ಪಾಯಸ ಬಡಿಸುತ್ತಿದ್ದೆ.

ಟ್ರೇಲರು ಬಂತು. ನಮ್ಮ ಬಡಾವಣೆಯ ಸಂಘದ ನಿಯಮಾವಳಿಯ ಪ್ರಕಾರ ಮನೆಯ ಮುಂದೆ ಟ್ರೇಲರ್ ನಿಲ್ಲಿಸುವಂತಿಲ್ಲ, ಬೀದಿಯ ಅಂದ ಕೆಡುತ್ತದೆ. ಗ್ಯಾರೇಜಿನೊಳಗೆ ಇಡಬೇಕು. ಒಳಗೆ ಇಟ್ಟೆವು. ಮಂಟಪವನ್ನೂ ಅದರ ಮೇಲೇ ಇಟ್ಟೆವು, ಬೇರೆಲ್ಲೂ ಜಾಗವಿಲ್ಲ. ಹಾಗಾಗಿ ಗಾಡಿ ಈಗ ಹೊರಗೆ ನಿಲ್ಲುತ್ತದೆ. ಎದುರುಮನೆ ಅಜ್ಜ ದಿನವೂ ಅದರ ಹಿಂಭಾಗ ನೋಡಿ ತೃಪ್ತಿಯಿಂದ ತಲೆದೂಗುತ್ತಾರೆ.

ಹಿಮ ಬೀಳುವ ಮೊದಲು ಗಾಡಿಗೊಂದು ಮೈಮುಚ್ಚುವ ಹೊದಿಕೆ ಬೇಕಲ್ಲ, ಅಳತೆ ಹುಡುಕುತ್ತಿದ್ದೇನೆ. "ಹಿಚ್ಚಿರೋ ಗಾಡಿಗೆ ಒಂದು ಸೈಜು ದೊಡ್ಡದು ತಗೋಬೇಕಂತೆ ಕಣೇ" ಎಂದೆ. ನನ್ನವಳು ತಲೆಯೆತ್ತದೆ, "ಹಾಗಿದ್ರೆ ಎರಡು ತರಿಸಿ. ನಮ್ಮ ಸೈಕಲ್ಲೂ ಹೊರಗೇ ಇದೆ" ಅಂದಳು.