ಅರ್ಧ ಗಂಟೆಯ ಮಾವ

ಹೊಸಂಗಡಿಯ ಆಸುಪಾಸಿನಲ್ಲಿ ಹಿಂದೆಲ್ಲ ದೊಡ್ಡ ಕುಟುಂಬವೆಂದರೆ ಜಾತಕ ನೋಡುವ ಮಾವ ಒಬ್ಬರು, ಕೋರ್ಟಿಗೆ ಅಲೆಯುವ ಮಾವ ಒಬ್ಬರು, ತಾಳಮದ್ದಳೆಯ ಮಾವ ಒಬ್ಬರು ಇರಲೇಬೇಕಿತ್ತು. ಈಗ ಆ ಪಟ್ಟಿಗೆ ಇನ್ನೊಬ್ಬರು ಸೇರಿದ್ದಾರೆ: ಮಂಗಳೂರಿಗೆ ಹೋಗಿ ಹೊಟ್ಟೆ ಸಣ್ಣ ಮಾಡಿಸಿಕೊಂಡು ಬಂದ ಮಾವ.

ಹೋಗುವಾಗ ತಲಪಾಡಿ ದಾಟಿದ್ದು 119 ಕಿಲೋ. ವರ್ಷ ಕಳೆಯುವುದರೊಳಗೆ ಮೂರನೇ ಒಂದು ಪಾಲು ಮನುಷ್ಯ ಮಾಯ. ಅಂಗಿ ಬದಲಾಯಿತು, ಬೆಲ್ಟಿಗೆ ಹೊಸ ತೂತುಗಳು ಬಿದ್ದವು, ಉಂಗುರ ಎರಡು ಸಲ ಬಚ್ಚಲಲ್ಲಿ ಜಾರಿ ಸಿಕ್ಕಿತು. ಕಡಿಮೆಯಾಗದೆ ಉಳಿದದ್ದು ಧ್ವನಿ ಒಂದೇ. ಅದು ಸ್ವಲ್ಪ ಹೆಚ್ಚೇ ಆಗಿದೆ.

ಮಾವನಿಗೆ ಆದದ್ದು ಸ್ಲೀವ್ ಆಪರೇಶನ್. ಹೊಟ್ಟೆಗೆ ನಾಲ್ಕೈದು ಸಣ್ಣ ತೂತು ಹಾಕಿ, ಜಠರದ ಶೇ. 75ರಿಂದ 80ರಷ್ಟನ್ನು ಉದ್ದಕ್ಕೆ ಕತ್ತರಿಸಿ ತೆಗೆದುಬಿಡುತ್ತಾರೆ. "ಉಳಿಯುವುದು ಒಂದು ಬಾಳೆಹಣ್ಣಿನಷ್ಟು" ಎಂದರಂತೆ ಡಾಕ್ಟ್ರು. ಮಾವ ಅಡಿಕೆ ತೋಟದ ನಡುವೆ ಬಾಳೆ ಬೆಳೆಸುವವರು, ಅಷ್ಟಕ್ಕೆ ಬಿಟ್ಟಾರೆಯೇ? "ಯಾವ ಬಾಳೆ ಡಾಕ್ಟ್ರೆ? ಕದಳಿಯಾ, ನೇಂದ್ರವಾ?" ಡಾಕ್ಟ್ರು ಮಿಲಿಲೀಟರಿಗೆ ಇಳಿದು ಪಾರಾದರು: 100, ಹೆಚ್ಚೆಂದರೆ 150. ಮನೆಗೆ ಬಂದು ಅಳೆದು ನೋಡಿದರೆ ಕಾಫಿ ಲೋಟವೂ ಭರ್ತಿಯಾಗಲಿಲ್ಲ.

ಅಷ್ಟು ಜಾಗದಲ್ಲಿ ಅನ್ನವೂ ನೀರೂ ಒಟ್ಟಿಗೆ ಹೋಗಿ ಕೂರುವುದು ಕಷ್ಟ. ಆದ್ದರಿಂದ ಚೀಟಿಯಲ್ಲಿ ಬರೆದುಕೊಟ್ಟರು: ಊಟಕ್ಕೆ ಮುಂಚೆ ಅರ್ಧ ಗಂಟೆ ನೀರಿಲ್ಲ, ಊಟದ ಜೊತೆ ನೀರಿಲ್ಲ, ಊಟವಾದ ಮೇಲೆ ಅರ್ಧ ಗಂಟೆ ನೀರಿಲ್ಲ. ಜಾಗವನ್ನು ನೀರೇ ಹಿಡಿದರೆ ಮೈಗೆ ಬೇಕಾದ ಪ್ರೋಟೀನ್ ಹೊರಗೆ ಉಳಿಯುತ್ತದೆ. ಎರಡನ್ನೂ ತುರುಕಿದರೆ ವಾಂತಿ. ಅಥವಾ ತಿಂದದ್ದನ್ನು ನೀರು ಬೇಗ ಕೆಳಗೆ ತಳ್ಳಿಕೊಂಡು ಹೋಗಿ, ಸ್ವಲ್ಪ ಹೊತ್ತಿಗೇ ಮತ್ತೆ ಹಸಿವು. ಹಾಗೆಂದು ನೀರು ಕಡಿಮೆ ಮಾಡುವಂತೆಯೂ ಇಲ್ಲ. ದಿನಕ್ಕೆ ಒಂದೂವರೆ ಲೀಟರಾದರೂ ಹೋಗಲೇಬೇಕು, ಅದೂ ಗುಟುಕು ಗುಟುಕಾಗಿ. ಊಟವನ್ನೂ ಅರ್ಧ ಗಂಟೆ ಜಗಿಯಬೇಕು. ಒಟ್ಟಿನಲ್ಲಿ ಮಾವ ಎಚ್ಚರವಿರುವಷ್ಟು ಹೊತ್ತೂ ಒಂದೋ ಜಗಿಯುತ್ತಿರುತ್ತಾರೆ, ಒಂದೋ ಗುಟುಕರಿಸುತ್ತಿರುತ್ತಾರೆ, ಇಲ್ಲವಾದರೆ ವಾಚು ನೋಡುತ್ತಿರುತ್ತಾರೆ. ಫೋನ್ ಮಾಡಿದರೆ ಎತ್ತುವುದು ಅತ್ತೆ. "ಈಗ ಜಗಿಯುತ್ತಾ ಇದ್ದಾರೆ. ಒಂದೂ ಹತ್ತಕ್ಕೆ ಮುಗಿಯುತ್ತದೆ. ಒಂದೂ ನಲವತ್ತರವರೆಗೆ ಮಾತಾಡಬಹುದು, ಬಾಯಿ ಖಾಲಿ."

ಅರ್ಧ ಗಂಟೆ ಅಳೆಯಲು ಹೊಸಂಗಡಿಯಲ್ಲಿ ರೈಲ್ವೆ ಗೇಟು ಉಂಟಲ್ಲ. ಗೇಟು ಬಿದ್ದರೆ ಆಟೋದವರು, ಬೈಕಿನವರು ಎಲ್ಲ ರೈಲ್ವೆಗೆ ಬೈಯುತ್ತಾರೆ. ಮಾವ ಮಾತ್ರ ನೆಮ್ಮದಿಯಿಂದ ಸೀಟಿಗೆ ಒರಗುತ್ತಾರೆ. ಉಂಡು ಹೊರಟಿದ್ದರೆ ಗೇಟು ಏಳುವಷ್ಟರಲ್ಲಿ ನೀರಿನ ಹೊತ್ತು ಹತ್ತಿರವಾಗಿರುತ್ತದೆ.

ಕಷ್ಟ ಶುರುವಾದದ್ದು ನಮ್ಮ ಅಡುಗೆಮನೆಯಲ್ಲಿ. ಡಾಕ್ಟ್ರ ಚೀಟಿಯಲ್ಲಿ ಘನ, ದ್ರವ ಎಂದು ಎರಡೇ ಕಾಲಂ. ನಮ್ಮ ಊಟ ಇರುವುದೇ ಎರಡರ ನಡುವೆ. ಸಾರು ಯಾವುದು? ತಂಬುಳಿ ಯಾವುದು? ಮೇಲಾರ? ಕುಚ್ಚಲಕ್ಕಿ ಗಂಜಿಯಂತೂ ಒಂದೇ ಬಟ್ಟಲಲ್ಲಿ ಎರಡೂ ಕಾಲಂ. ಮಾವ ಹಿಂಜರಿಯಲಿಲ್ಲ. ತೂತಿನ ಸಟ್ಟುಗದಲ್ಲಿ ಅಗುಳನ್ನು ಎತ್ತಿ ಸೋಸಿ, ತೆಳಿಯನ್ನು ಫ್ಲಾಸ್ಕಿಗೆ ಹೊಯ್ದು, ಅಗುಳನ್ನು ಒಂದು ಗಂಟೆಗೂ ತೆಳಿಯನ್ನು ಎರಡು ಗಂಟೆಗೂ ಮುಗಿಸಿದರು. "ಗಂಜಿಗೆ ಡೈವೋರ್ಸ್ ಆದದ್ದು ನಮ್ಮ ಮನೆಯಲ್ಲೇ ಮೊದಲು" ಎಂದರು ಅತ್ತೆ. ಮುಂದಿನ ಭೇಟಿಯಲ್ಲಿ ಡಯೆಟಿಶಿಯನ್ ಹುಡುಗಿ ಪಾಪ ನಗು ತಡೆದುಕೊಂಡು ತೀರ್ಪು ಕೊಟ್ಟಳು: ಅನ್ನಕ್ಕೆ ಅಂಟಿಕೊಂಡಷ್ಟು ಸಾರು ಊಟ, ಎಲೆಯಲ್ಲಿ ಹರಿಯುವಷ್ಟಾದರೆ ನೀರು.

ಆಪೋಶನದ ಪ್ರಶ್ನೆ ಅದಕ್ಕಿಂತ ಗಹನವಾದದ್ದು. ಊಟಕ್ಕೆ ಮೊದಲೂ ಕೈಯಲ್ಲಿ ನೀರು ತೆಗೆದುಕೊಳ್ಳಬೇಕು, ಕೊನೆಗೆ ಉತ್ತರಾಪೋಶನವೂ ಆಗಬೇಕು. ಎರಡೂ ನಿಷಿದ್ಧ ಕಾಲದಲ್ಲೇ! ಮಾವ ಡಾಕ್ಟ್ರ ಹತ್ತಿರ ಬಿಡಿಸಿ ಕೇಳಿದರು. ಎಷ್ಟು ನೀರು ಎಂದು ಡಾಕ್ಟ್ರ ಮರುಪ್ರಶ್ನೆ. "ಉದ್ದಿನ ಕಾಳು ಮುಳುಗುವಷ್ಟು." ಡಾಕ್ಟ್ರು ಒಂದು ಕ್ಷಣ ಪೆನ್ನು ಕೆಳಗಿಟ್ಟು, "ಭಟ್ರೆ, ಇಡೀ ದಿನ ಇದೇ ಅಳತೆಯಲ್ಲಿ ಕುಡಿಯಿರಿ, ನನಗೆ ಬೇರೇನೂ ಬೇಡ" ಎಂದರಂತೆ.

ಇಷ್ಟಾದರೆ ಅದು ಮಾವನ ಸ್ವಂತ ಹೊಟ್ಟೆಯ ವಿಷಯ, ಬರೆಯುವ ಅಗತ್ಯವಿರಲಿಲ್ಲ. ಆದರೆ ಮಾವ ಈಗ ಊರಿನವರ ಲೋಟಗಳನ್ನು ಕಾಯುತ್ತಾರೆ. ಕಾಸರಗೋಡು ಕಡೆಯ ಹೋಟೆಲಿಗೆ ಹೋದರೆ ಕೂತ ಕೂಡಲೇ ಸಪ್ಪಂಗ ಹಾಕಿದ ಗುಲಾಬಿ ಬಣ್ಣದ ಬಿಸಿನೀರು ತಂದಿಡುತ್ತಾರೆ. ಸಪ್ಲೈಯರ್ ಅತ್ತ ತಿರುಗಿದ್ದೇ ತಡ, ನಾಲ್ಕೂ ಲೋಟಗಳು ಮಾವನ ಕೈಯಿಂದ ಮೇಜಿನ ಆಚೆ ತುದಿಗೆ. ನಮಗೆ ಆಪರೇಶನ್ ಆಗಿಲ್ಲ ಎಂಬ ಸಣ್ಣ ವ್ಯತ್ಯಾಸವನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಡೀ ಜಠರ ಇರುವವನು ಊಟದ ನಡುವೆ ಒಂದು ಲೋಟ ನೀರು ಕುಡಿದರೆ ಮುಳುಗುವಂಥದ್ದು ಏನಿಲ್ಲ ಎಂದು ಅವರಿಗೆ ಹೇಳುವವರು ಯಾರು?

ಹೇಳಲು ಹೋದವರು ನಮ್ಮ ಊರಿನ ಪಂಡಿತರು. ವಾಗ್ಭಟನ ಅಷ್ಟಾಂಗಹೃದಯವನ್ನೇ ಮುಂದಿಟ್ಟರು: ಊಟದ ಮೊದಲು ನೀರು ಕುಡಿದವನು ಬಡಕಲಾಗುತ್ತಾನೆ, ಕೊನೆಗೆ ಕುಡಿದವನು ದಪ್ಪವಾಗುತ್ತಾನೆ, ನಡುವೆ ಕುಡಿದವನು ಸಮನಾಗಿರುತ್ತಾನೆ. ಹೊಟ್ಟೆಯಲ್ಲಿ ಎರಡು ಪಾಲು ಅನ್ನ, ಒಂದು ಪಾಲು ದ್ರವ, ಒಂದು ಪಾಲು ಗಾಳಿಗೆ ಖಾಲಿ. ಮಾವ ಪೂರ್ತಿ ಕೇಳಿಸಿಕೊಂಡರು. "ಪಂಡಿತರೆ, ವಾಗ್ಭಟ ಹೇಳಿದ್ದು ನಾಲ್ಕು ಪಾಲು ಇದ್ದವರಿಗೆ. ನನ್ನಲ್ಲಿ ಉಳಿದದ್ದೇ ಒಂದು." ಪಂಡಿತರು ಪುಸ್ತಕ ಮಡಚಿದರು.

ಮೇಲಾಗಿ ಮಾವ ತಾಳಮದ್ದಳೆಯ ಹಳೆಯ ಅರ್ಥಧಾರಿ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ ತೂಕ ಇಳಿಸಲೆಂದು ಮಾಡಿದ ಹೊಟ್ಟೆಯ ಬೈಪಾಸನ್ನು 1967ರಲ್ಲಿ ಪ್ರಕಟಿಸಿದ ಕಥೆಯನ್ನು ಅವರು ಪೀಠಿಕೆ ಸಮೇತ ಹೇಳುತ್ತಾರೆ. ಹುಣ್ಣಿಗಾಗಿ ಜಠರ ಕತ್ತರಿಸಿಕೊಂಡವರು ತೆಳ್ಳಗಾಗುವುದನ್ನು ಮೇಸನ್ ಗಮನಿಸಿದ ಎಂಬಲ್ಲಿಗೆ ಬರುವಾಗ ಕೇಳುವವರಿಗೆ ಬಾಯಾರಿರುತ್ತದೆ. ನೀರು ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ.

ಮೊನ್ನೆ ಪೇಟೆಯ ಹಾಲಿನಲ್ಲಿ ಮದುವೆ. ಚೂರ್ಣಿಕೆ ಮೊಳಗುತ್ತಿತ್ತು, ಬಡಿಸುವ ಹುಡುಗರು ಓಡುತ್ತಿದ್ದರು. ಮಾವ ತೊವ್ವೆ, ಕೋಸಂಬರಿ, ಎರಡು ಹೋಳು ಹಲಸಿನ ಪಲ್ಯ ಜಗಿಯುವಷ್ಟರಲ್ಲಿ ಪಂಕ್ತಿ ಮೇಲಾರ ದಾಟಿತ್ತು. ಆಗ ಬಂದದ್ದು ಅಡ ಪ್ರಥಮನ್ ಪಾಯಸ. ಇಲ್ಲಿ ಮಾವನ ಒಂದು ಗುಟ್ಟು ಹೇಳಲೇಬೇಕು. ಅನ್ನ ಎರಡು ತುತ್ತಿಗೇ ಸಾಕೆನಿಸುವ ಹೊಟ್ಟೆಯಲ್ಲಿ ಪಾಯಸ ಮಾತ್ರ ಎಲ್ಲೂ ತಡೆಯದೆ ಇಳಿಯುತ್ತದೆ. ಆಪರೇಶನ್ ಆದವರ ತೂಕ ಹಿಂದಿನ ಬಾಗಿಲಿಂದ ಮತ್ತೆ ಒಳಗೆ ಬರುವ ದಾರಿಗಳಲ್ಲಿ ಇದೂ ಒಂದು. "ಬೆಲ್ಲ ಉಂಟಲ್ಲ, ಘನವೇ" ಎಂದು ತಾವೇ ತೀರ್ಪು ಕೊಟ್ಟುಕೊಂಡು ಮಾವ ಎರಡು ಸೌಟು ಹಾಕಿಸಿಕೊಂಡರು. ಇಪ್ಪತ್ತು ನಿಮಿಷಕ್ಕೆ ಹಣೆಯಲ್ಲಿ ಬೆವರು, ಎದೆ ಡವಡವ. ಸಿಹಿ ಒಮ್ಮೆಲೇ ಕರುಳಿಗೆ ನುಗ್ಗಿದರೆ ಹೀಗಾಗುತ್ತದೆ. ಬೈಪಾಸಿನವರಿಗೆ ಹೆಚ್ಚು, ಸ್ಲೀವಿನವರನ್ನೂ ಬಿಡುವುದಿಲ್ಲ. ಇದಕ್ಕೆ ಡಂಪಿಂಗ್ ಎಂದು ಹೆಸರು. ಅತ್ತೆ ದೂರದ ಹೆಂಗಸರ ಪಂಕ್ತಿಯಿಂದಲೇ ನೋಡಿ, "ಘನವಾ, ದ್ರವವಾ ಕೇಳಿ" ಎಂದು ಮಗನನ್ನು ಕಳಿಸಿದರು.

ಎರಡನೇ ಪಂಕ್ತಿಗೆ ಜಾಗ ಬಿಡಬೇಕು, ಮಜ್ಜಿಗೆಗೆ ಇನ್ನೂ ಹೊತ್ತಾಗಿಲ್ಲ. ಮಾವ ಮಜ್ಜಿಗೆಯನ್ನು ಬಾಟ್ಲಿಗೆ ಹಾಕಿಸಿಕೊಂಡು ಹಾಲಿನ ಹಿಂದಿನ ಮಾವಿನ ಮರದ ಬುಡಕ್ಕೆ ಹೋದರು. ಅಲ್ಲಿ ಆಗಲೇ ಒಬ್ಬರು ಕೂತಿದ್ದಾರೆ. ದೊಗಳೆ ಅಂಗಿ, ಕೈಯಲ್ಲಿ ಬಾಟ್ಲಿ, ಕಣ್ಣು ವಾಚಿನ ಮೇಲೆ. ಊರು ಯಾವುದು, ಮನೆತನ ಯಾವುದು ಎಂದು ಮಾವ ಕೇಳಲೇ ಇಲ್ಲ.

"ನಿಮ್ಮದು ಸ್ಲೀವಾ, ಬೈಪಾಸಾ?"

"ಬೈಪಾಸ್. 30 ಎಂ.ಎಲ್." ಆ ಮನುಷ್ಯ ತಲೆಯೆತ್ತದೆ ಹೇಳಿದ.

"ನನ್ನದು 100ಕ್ಕೆ ಮೇಲೆ" ಎಂದರು ಮಾವ, ಎಕರೆ ಲೆಕ್ಕ ಹೇಳುವ ಜಮೀನುದಾರರ ಹಾಗೆ. ಆಮೇಲೆ ಪಕ್ಕದಲ್ಲಿ ಕೂತು ಕೇಳಿದರು: "ಮಜ್ಜಿಗೆಗೆ ಎಷ್ಟು ನಿಮಿಷ ಉಂಟು ನಿಮಗೆ?"

"ಹನ್ನೆರಡು. ಪಾಯಸ ತಿಂದಿರಾ?"

"ಛೆ ಛೆ, ಮುಟ್ಟಲಿಲ್ಲ" ಎಂದು ಮಾವ ಶಾಲಿನ ತುದಿಯಿಂದ ಹಣೆ ಒರೆಸಿಕೊಂಡರು.

"ನಾನೂ ಮುಟ್ಟಲಿಲ್ಲ" ಎಂದು ಆ ಮನುಷ್ಯನೂ ಹಣೆ ಒರೆಸಿಕೊಂಡ.